ಮಾನ್ಯ ಜಿಲ್ಲಾಧಿಕಾರಿಗಳೇ, ಆಸ್ಪತ್ರೆಯಲ್ಲಿ ಕೆಮ್ಮುವವರಿಗೊಂದು ಮಾಸ್ಕ್ ಕೊಡಿಸಿ

ಉತ್ತರ ಕನ್ನಡ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಾನು ಕುಮಟಾ ತಾಲೂಕಿನ ಹಳ್ಳಿಯೊಂದರ ಗೃಹಿಣಿ. ನನ್ನ ಎರಡು ಕಿಡ್ನಿಗಳಲ್ಲಿ ಒಂದು ಮೂರು ವರ್ಷಗಳಿಂದ ನನ್ನ ಯಜಮಾನರ ಹೊಟ್ಟೆಯಲ್ಲಿದೆ. ಅದಕ್ಕೂ ಮೊದಲಿನ ಎರಡು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಅಲೆದದ್ದು, ಅದಕ್ಕಾಗಿ ತೋಟದ ಒಂದು ಭಾಗವನ್ನು ಮಾರಿದ್ದು, ಇವೆಲ್ಲ ಇಲ್ಲಿ ಅಪ್ರಸ್ತುತವೆಂದು ತಮಗನ್ನಿಸಬಹುದು. ಆದರೆ ಕಸಿಯಾದ ಕಿಡ್ನಿಯನ್ನು ದೇಹವು ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್‌ನಂತಹ ಮಾತ್ರೆಗಳನ್ನು ಬದುಕಿರುವವರೆಗೂ ನುಂಗುತ್ತಿರಬೇಕು, ಆ ಮಾತ್ರೆಗಳು ಕಿಡ್ನಿಯನ್ನು ಉಳಿಸುವುದೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೂಲಕ. ಉಳಿದವರಿಗೆ ಮೂರು ದಿನ ಕಷಾಯ ಕುಡಿದರೆ ಇಳಿಯುವ ಶೀತ ನಮ್ಮ ಮನೆಯಲ್ಲಿ ನ್ಯುಮೋನಿಯಾ ಆಗಿ ನಿಲ್ಲುವುದು ಈ ಕಾರಣಕ್ಕೆ.

ಕಳೆದ ಆಷಾಢದಲ್ಲಿ ಆದದ್ದನ್ನು ಹೇಳುತ್ತೇನೆ. ತಿಂಗಳ ರಕ್ತಪರೀಕ್ಷೆಗೆಂದು ಇಬ್ಬರೂ ಬೆಳಿಗ್ಗೆ ಎಂಟಕ್ಕೇ ಒಂದು ಸರ್ಕಾರಿ ಆಸ್ಪತ್ರೆಯ ಚೀಟಿ ಕೌಂಟರಿನೆದುರು ನಿಂತಿದ್ದೆವು. ಹೊರಗೆ ಮಳೆ ಹೊಡೆಯುತ್ತಿದ್ದುದರಿಂದ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಒದ್ದೆ ಕೊಡೆಗಳ ನಡುವೆ ಅರವತ್ತು ಎಪ್ಪತ್ತು ಜನ, ಅದರಲ್ಲಿ ಅರ್ಧದಷ್ಟು ಮಂದಿ ಕೆಮ್ಮುವವರೇ. ನಮ್ಮ ಸರದಿ ಬಂದಾಗ ಕೌಂಟರಿನ ಒಳಗಿದ್ದವರು ಸ್ವತಃ ಕೆಮ್ಮುತ್ತಲೇ, ಬಾಯಿಗೆ ಕೈಯನ್ನೂ ಅಡ್ಡ ಹಿಡಿಯದೆ, ‘ಎಂತ ಮಾರಾಯ್ರೇ, ನಿಮಗಿನ್ನೂ ಕರೋನಾ ಹೋಗ್ಲಿಲ್ವಾ? ಅದನ್ನ ತೆಗೆದು ಹೆಸರು ಹೇಳಿ, ಕೇಳೂದಿಲ್ಲ’ ಎಂದರು. ಹಿಂದಿದ್ದವರು ನಕ್ಕರು. ನಮ್ಮ ಯಜಮಾನರು ಯಾರಿಗೂ ಎದುರು ಮಾತಾಡಿದವರಲ್ಲ, ಮಾಸ್ಕನ್ನು ಗದ್ದಕ್ಕೆ ಇಳಿಸಿ ಹೆಸರು ಹೇಳಿದರು, ಕೇಳಿಸಲಿಲ್ಲವೆಂದಾಗ ಇನ್ನೊಮ್ಮೆ ಹೇಳಿದರು. ನಾಲ್ಕನೆಯ ದಿನ ಜ್ವರ ಬಂತು. ಆಮೇಲೆ ಜಿಲ್ಲೆಯ ಎಲ್ಲರಿಗೂ ಗೊತ್ತಿರುವ ದಾರಿ: ರಾತ್ರಿ ಆಂಬುಲೆನ್ಸ್, ಹೊನ್ನಾವರ, ಭಟ್ಕಳ, ಮಣಿಪಾಲ. ಹನ್ನೊಂದು ದಿನ ಅಲ್ಲಿದ್ದು ಬಂದೆವು. ಆ ಜ್ವರ ಅದೇ ಕೌಂಟರಿನಿಂದ ಬಂತೆಂದು ನಾನು ಆಣೆಯಿಟ್ಟು ಹೇಳಲಾರೆ. ಆದರೆ ಮಾಸ್ಕ್ ತೆಗೆಸಿದ್ದು ಆಸ್ಪತ್ರೆಯವರೇ ಎಂಬುದನ್ನು ಆಣೆಯಿಟ್ಟೇ ಹೇಳುತ್ತೇನೆ.

ಕೆಮ್ಮುವ ರೋಗಿಯನ್ನು ಬಾಗಿಲಲ್ಲೇ ಗುರುತಿಸಿ, ಮಾಸ್ಕ್ ಕೊಟ್ಟು, ಬೇರೆ ಕೂರಿಸಿ, ಬೇಗ ನೋಡಿ ಕಳಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ. ಅದು ಬಂದದ್ದು 2010ರಲ್ಲಿ, ಕರೋನಾದ ಹೆಸರನ್ನು ಯಾರೂ ಕೇಳಿರದಿದ್ದ ಕಾಲದಲ್ಲಿ, ಮುಖ್ಯವಾಗಿ ಕ್ಷಯರೋಗವನ್ನು ಗಮನದಲ್ಲಿಟ್ಟುಕೊಂಡು. ತಮಗೆ ಇದು ತಿಳಿದೇ ಇರುತ್ತದೆ. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿರೆಂಬ ಫಲಕವೂ ಅದೇ ಕೌಂಟರಿನ ಪಕ್ಕದ ಗೋಡೆಯಲ್ಲಿದೆ. ಅದರ ಅಡಿಯಲ್ಲೇ ನಿಂತು ಜನ ಒಬ್ಬರ ಬೆನ್ನಿಗೊಬ್ಬರು ಕೆಮ್ಮುತ್ತಾರೆ.

‘ನೀವು ಹಾಕಿಕೊಂಡಿದ್ದೀರಲ್ಲ, ಮತ್ತೆ ನಾವೇಕೆ?’ ಎಂದು ಕೇಳುವವರಿದ್ದಾರೆ. ಯಜಮಾನರ ಎನ್-95 ಸೂಕ್ಷ್ಮ ಕಣಗಳಲ್ಲಿ ಶೇ. 95ರಷ್ಟನ್ನು ಸೋಸುವುದು ಮುಖಕ್ಕೆ ಬಿಗಿಯಾಗಿ ಕೂತಾಗ ಮಾತ್ರ. ಸಾಮಾನ್ಯ ಸರ್ಜಿಕಲ್ ಮಾಸ್ಕಿನ ಹೆಚ್ಚಿನ ಉಪಯೋಗವಿರುವುದು ಕೆಮ್ಮುವವನ ಬಾಯಿಯಿಂದ ಹೊರಬೀಳುವ ಹನಿಗಳನ್ನು ಅಲ್ಲಿಯೇ ತಡೆಯುವುದರಲ್ಲಿ. ನಮ್ಮ ಕಡೆಯವರಿಗೆ ಮೂಗು ಬಾಯಿ ಮುಚ್ಚಿಕೊಳ್ಳುವುದು ಗೊತ್ತಿಲ್ಲವೆಂದಲ್ಲ. ಅಡಿಕೆ ಗೊನೆಗಳಿಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ದಿನ ಯಾರೂ ಹೇಳದೆಯೇ ಟವೆಲ್ ಸುತ್ತಿಕೊಳ್ಳುತ್ತಾರೆ. ಅದು ಸ್ವಂತ ಮೂಗಿನ ಪ್ರಶ್ನೆ, ಹಾಗಾಗಿ ಮರೆಯುವುದಿಲ್ಲ. ಪಕ್ಕದವರ ಮೂಗಿನ ವಿಷಯ ಬಂದಾಗ ಮಾತ್ರ ಎಲ್ಲರಿಗೂ ಉಸಿರು ಕಟ್ಟುತ್ತದೆ.

2020ರಲ್ಲಿ ಇದೇ ಆಡಳಿತ ಮಾಸ್ಕ್ ಇಲ್ಲದವರಿಗೆ ಮಹಾನಗರ ಪಾಲಿಕೆಗಳಲ್ಲಿ 250, ಉಳಿದೆಡೆ 100 ರೂಪಾಯಿ ದಂಡ ವಿಧಿಸುತ್ತಿತ್ತು. ಕುಮಟಾ ಪೇಟೆಯಲ್ಲಿ ಮೂಗಿನಿಂದ ಕೆಳಗೆ ಜಾರಿದ ಮಾಸ್ಕಿಗಾಗಿ ನಾನೇ ನೂರು ರೂಪಾಯಿ ತೆತ್ತಿದ್ದೇನೆ, ರಸೀದಿ ಇಂದಿಗೂ ಇದೆ. ಅಂದು ತೆರೆದ ಬೀದಿಯಲ್ಲಿ ಒಬ್ಬಳೇ ನಡೆಯುತ್ತಿದ್ದವಳ ಮೂಗು ಕಂಡದ್ದು ಅಪರಾಧವಾಗಿತ್ತು. ಇಂದು ಕಿಡ್ನಿ ಕಸಿಯಾದವನ ಮಾಸ್ಕನ್ನು ಆಸ್ಪತ್ರೆಯೊಳಗೇ ತೆಗೆಸುವುದು ತಮಾಷೆಯಾಗಿದೆ. ಈ ಎರಡರ ನಡುವೆ ಏನಾದರೊಂದು ಇರಬಹುದಿತ್ತಲ್ಲವೇ?

ಪೇಟೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎಲ್ಲರೂ ಮಾಸ್ಕ್ ಹಾಕಲಿ ಎಂದು ನಾನು ಕೇಳುತ್ತಿಲ್ಲ. ಮದುವೆ ಮನೆಗಳಿಗೆ ನಾವು ಹೋಗುವುದನ್ನೇ ಬಿಟ್ಟಿದ್ದೇವೆ. ಕೇಳುವುದು ಆಸ್ಪತ್ರೆಯ ಒಳಗಿನದಷ್ಟೇ. ಜಿಲ್ಲೆಯ ಪ್ರತಿ ಸರ್ಕಾರಿ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಮಾಸ್ಕಿನ ಒಂದು ಪೆಟ್ಟಿಗೆ ಇಡಿಸಿ, ಕೆಮ್ಮುತ್ತ ಬಂದವರಿಗೆ ಚೀಟಿಯೊಂದಿಗೇ ಅದನ್ನು ಕೊಡಿಸಿ. ಕೆಮ್ಮು ಇರುವ ಸಿಬ್ಬಂದಿ ಮಾಸ್ಕ್ ಧರಿಸದೆ ರೋಗಿಗಳೆದುರು ಕೂರಬಾರದೆಂದು ಲಿಖಿತ ಆದೇಶ ಹೊರಡಿಸಿ. ಒಂದು ಮಾಸ್ಕಿನ ಬೆಲೆ ಒಂದು ಲೋಟ ಚಹಾಕ್ಕಿಂತ ಕಡಿಮೆ. ನಾನು ನನ್ನ ಕಿಡ್ನಿಯನ್ನೇ ಕೊಟ್ಟಿದ್ದೇನೆ, ಅದು ಉಳಿಯಲು ಸರ್ಕಾರದಿಂದ ಇಷ್ಟಾದರೂ ಸಿಗಬಾರದೇ?

ಈ ವಿಷಯವಾಗಿ ಆಸ್ಪತ್ರೆಗೆ ಎರಡು ಅರ್ಜಿ ಕೊಟ್ಟಿದ್ದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದನ್ನು ತೆಗೆದುಕೊಂಡವರು ‘ನೋಡುವ ಅಮ್ಮ’ ಎಂದರು. ಆದ್ದರಿಂದ ಮೂರನೆಯದನ್ನು ಎಲ್ಲರೂ ಓದುವಂತೆ ತಮಗೇ ಬರೆಯುತ್ತಿದ್ದೇನೆ: ಮಾಸ್ಕಿನ ಪೆಟ್ಟಿಗೆ ಇಡಿಸಿ, ಆದೇಶ ಹೊರಡಿಸಿ. ಮುಂದಿನ ರಕ್ತಪರೀಕ್ಷೆ ಇದೇ 24ಕ್ಕೆ ಇದೆ. ಅಂದು ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಅದೇ ಸಾಲಿನಲ್ಲಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕುಮಟಾ ತಾಲೂಕಿನ ಒಬ್ಬ ಗೃಹಿಣಿ