ಆ ಆಲ್ಬಂನಲ್ಲಿ ಚಾರ್ಲಿ ವಾಟ್ಸ್ ಇದ್ದಾರೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಹೊಸ ಆಲ್ಬಂ ‘ಹ್ಯಾಕ್ನಿ ಡೈಮಂಡ್ಸ್’ ಬಗ್ಗೆ ಒಂದು ಸುದ್ದಿ ಬಂದಿತ್ತು. ಕನ್ನಡ ಪತ್ರಿಕೆಯಲ್ಲಿ ಅವರ ಹೆಸರು ನೋಡಿ ತುಂಬ ಖುಷಿಯಾಯಿತು. ಆದರೆ ಅದರಲ್ಲಿ ಒಂದು ತಪ್ಪಿದೆ. ‘ಡ್ರಮ್ಮರ್ ಚಾರ್ಲಿ ವಾಟ್ಸ್ ಇಲ್ಲದ ಮೊದಲ ಆಲ್ಬಂ’ ಎಂದು ಬರೆದಿದ್ದೀರಿ. ಚಾರ್ಲಿ 2021ರ ಆಗಸ್ಟ್ 24ರಂದು ತೀರಿಕೊಂಡರು, ನಿಜ. ಆದರೆ ಈ ಆಲ್ಬಂನಲ್ಲಿ ಅವರು ಇದ್ದಾರೆ. ಏಳನೇ ಹಾಡಿನಲ್ಲೂ ಎಂಟನೇ ಹಾಡಿನಲ್ಲೂ ಡ್ರಮ್ಸ್ ಬಾರಿಸಿರುವುದು ಅವರೇ. 2019ರಲ್ಲಿ ರೆಕಾರ್ಡ್ ಮಾಡಿಟ್ಟಿದ್ದು ಅದು. ಇಷ್ಟು ಹೇಳಿ ಪತ್ರ ಮುಗಿಸಬಹುದಿತ್ತು. ಆದರೆ ಈ ಒಂದು ಮಾತಿನ ಮೇಲೆ ನನಗೂ ನನ್ನ ಹಳೆಯ ಗೆಳೆಯನಿಗೂ ಎರಡು ವಾರದಿಂದ ಜಗಳ ನಡೆದಿದೆ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತಿದ್ದೇನೆ.

ನನ್ನದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಗ್ಲಾಸ್ ಹಾಕುವ ಅಂಗಡಿ. 1986ರಲ್ಲಿ ತಿಪಟೂರಿನಿಂದ ಬಂದು ಇದೇ ರಸ್ತೆಯ ಇನ್ನೊಂದು ಅಂಗಡಿಯಲ್ಲಿ ಹೆಲ್ಪರ್ ಆಗಿ ಸೇರಿದೆ. ಮಾರನೇ ವರ್ಷ ಒಂದು ಫಿಯೆಟ್ ಕಾರು ಫ್ರಂಟ್ ಗ್ಲಾಸ್‌ಗೆ ಬಂತು. ಒಳಗೆ ಟೇಪ್ ಓಡುತ್ತಿತ್ತು. ನನಗೆ ಆಗ ಇಂಗ್ಲಿಷ್ ಹಾಡಿನ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಆದರೆ ಆ ಡ್ರಮ್ಸ್ ಕಿವಿಗೆ ಬಿದ್ದಿದ್ದೇ ಕೈಯಲ್ಲಿದ್ದ ಕೆಲಸ ನಿಂತಿತು. ಕಾರಿನವರು ಎಚ್‌ಎಎಲ್‌ನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರು. ನಾನು ಕಿವಿಗೊಟ್ಟು ನಿಂತಿದ್ದನ್ನು ನೋಡಿ ಕ್ಯಾಸೆಟ್ ತೆಗೆದು ನನ್ನ ಕೈಗೇ ಕೊಟ್ಟರು. ಅದು ‘ಸಮ್ ಗರ್ಲ್ಸ್’, 1978ರ ಆಲ್ಬಂ. ಕೊನೆಯ ಹಾಡಿನ ಹೆಸರು ‘ಶ್ಯಾಟರ್ಡ್’. ಹಾಗಂದರೇನು ಸಾರ್ ಎಂದು ಕೇಳಿದೆ. ‘ಒಡೆದು ಚೂರುಚೂರಾಗೋದು ಕಣಯ್ಯ, ನೀನು ದಿನಾ ಗುಡಿಸ್ತೀಯಲ್ಲ, ಅದು’ ಎಂದರು.

ಈ ವರ್ಷ, ಅಂದರೆ 2023ರ ಆಗಸ್ಟ್‌ನಲ್ಲಿ, ನನ್ನ ಅಣ್ಣನ ಮಗಳು ಅಂಗಡಿಗೆ ಬಂದು ಫೋನ್ ತೋರಿಸಿದಳು. ‘ಚಿಕ್ಕಪ್ಪ, ಲಂಡನ್‌ನಲ್ಲೂ ನಿಮ್ಮಂಥದ್ದೇ ಒಂದು ಅಂಗಡಿ ನೋಡಿ.’ ‘ಹ್ಯಾಕ್ನಿ ಗೆಜೆಟ್’ ಅನ್ನೋ, ಲಂಡನ್ನಿನ ಹ್ಯಾಕ್ನಿ ಬಡಾವಣೆಯ ಲೋಕಲ್ ಪೇಪರಿನಲ್ಲಿ ಬಂದ ಒಂದು ಜಾಹೀರಾತು. ಹ್ಯಾಕ್ನಿ ಡೈಮಂಡ್ಸ್, ಗ್ಲಾಸ್ ರಿಪೇರಿ ಮಾಡುವವರು, 1962ರಿಂದ. ಕೆಳಗೆ ಕೆಲವು ಸಾಲು. ಅದರಲ್ಲಿ ಮೂರು ಹಾಡುಗಳ ಹೆಸರು ಅಡಗಿದ್ದವು: ‘ಸ್ಯಾಟಿಸ್‌ಫ್ಯಾಕ್ಷನ್’, ‘ಗಿಮ್ಮಿ ಶೆಲ್ಟರ್’, ಮತ್ತೆ ನನ್ನ ‘ಶ್ಯಾಟರ್ಡ್’. 1962 ಅಂದರೆ ಸ್ಟೋನ್ಸ್ ಶುರುವಾದ ವರ್ಷ. ನನಗೆ ಎದೆ ಡವಡವ ಅಂದಿತು. ಹೊಸ ಆಲ್ಬಂ ಬರುತ್ತಿದೆ ಎಂದು ಇಡೀ ಲೋಕಕ್ಕೆ ತಿಳಿಯುವ ಮೊದಲು ಒಂದು ಊರಿನ ಸಣ್ಣ ಪತ್ರಿಕೆಯ ಓದುಗರಿಗೆ ಅದರ ಸುಳಿವು ಕೊಟ್ಟರು. ಪತ್ರಿಕೆ ನಡೆಸುವವರು ನೀವು, ಈ ವಿಷಯ ನಿಮಗೂ ಇಷ್ಟವಾಗುತ್ತೆ ಅಲ್ವಾ? ಸೆಪ್ಟೆಂಬರ್ 6ರಂದು ಅದೇ ಬಡಾವಣೆಯ ಹ್ಯಾಕ್ನಿ ಎಂಪೈರ್ ಥಿಯೇಟರಿನಲ್ಲಿ ತಂಡದ ಗಾಯಕ ಮಿಕ್ ಜ್ಯಾಗರ್, ಗಿಟಾರ್ ನುಡಿಸುವ ಕೀತ್ ರಿಚರ್ಡ್ಸ್, ರಾನಿ ವುಡ್ ಮೂವರೂ ಕೂತು ವಿಷಯ ಹೇಳಿದರು.

ಹ್ಯಾಕ್ನಿ ಡೈಮಂಡ್ಸ್ ಅನ್ನೋದು ಲಂಡನ್ನಿನ ಆಡುಮಾತಂತೆ. ಕಳ್ಳರು ಕಾರಿನ ಗ್ಲಾಸ್ ಒಡೆದು ಸಾಮಾನು ಎತ್ತಿಕೊಂಡು ಹೋದ ಮೇಲೆ ರಸ್ತೆಯಲ್ಲಿ ಹೊಳೆಯುವ ಗಾಜಿನ ಚೂರುಗಳಿಗೆ ಹಾಗೆ ಹೇಳುತ್ತಾರೆ. ಆ ಚೂರು ಎಲ್ಲಿಂದ ಬರುತ್ತೆ ಎಂದು ನಾನು ಹೇಳಬಲ್ಲೆ. ಫ್ರಂಟ್ ಗ್ಲಾಸ್‌ನದ್ದಲ್ಲ. ಅದರ ನಡುವೆ ಪ್ಲಾಸ್ಟಿಕ್ ಪದರ ಇರುತ್ತೆ. ಒಡೆದರೂ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟು ಅಲ್ಲೇ ಅಂಟಿಕೊಂಡಿರುತ್ತೆ. ಡೋರ್ ಗ್ಲಾಸ್ ಹಾಗಲ್ಲ. ಒಂದೇ ಏಟಿಗೆ ಕಲ್ಲುಸಕ್ಕರೆ ಹರಳಿನ ಹಾಗೆ ಪುಡಿಯಾಗಿ ಸುರಿಯುತ್ತೆ. ಬೀದಿದೀಪದ ಕೆಳಗೆ ನಿಜವಾಗಲೂ ವಜ್ರದ ಹಾಗೆ ಕಾಣುತ್ತೆ. 37 ವರ್ಷದಿಂದ ಅದನ್ನು ಗುಡಿಸಿದ್ದೇನೆ. ನನ್ನ ಪ್ರೀತಿಯ ತಂಡ ಅದರ ಹೆಸರನ್ನೇ ಆಲ್ಬಂಗೆ ಇಟ್ಟಿತು.

ಅಕ್ಟೋಬರ್ 20, ಶುಕ್ರವಾರ ಆಲ್ಬಂ ಬಂತು. ಆಯುಧಪೂಜೆಗೆ ಮೂರು ದಿನ ಇತ್ತು. ಜೆ.ಸಿ. ರಸ್ತೆಯಲ್ಲಿ ಆ ವಾರ ಹೇಗಿರುತ್ತೆ ಎಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಅಂಗಡಿ ಪೂರ್ತಿ ಖಾಲಿ ಮಾಡಿ, ರ‍್ಯಾಕ್ ಒರೆಸಿ, ಗ್ಲಾಸ್‌ಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸುತ್ತಿದ್ದೆವು. ಹುಡುಗರಿಗೆ ಹೇಳಿ ಸ್ಪೀಕರಿನಲ್ಲಿ ಹಾಕಿಸಿದೆ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಯಾವುದನ್ನೂ ಹಾರಿಸದೆ, 12 ಹಾಡು.

ಸ್ವಂತ ಹಾಡುಗಳ ಅವರ ಹಿಂದಿನ ಆಲ್ಬಂ ‘ಎ ಬಿಗ್ಗರ್ ಬ್ಯಾಂಗ್’ ಬಂದದ್ದು 2005ರಲ್ಲಿ. ನಡುವೆ 2016ರಲ್ಲಿ ಒಂದು ಬಂತು, ಒಳ್ಳೆಯದೇ. ಆದರೆ ಅದರಲ್ಲಿದ್ದವು ಅಮೆರಿಕದ ಕಪ್ಪು ಸಂಗೀತಗಾರರ ಹಳೆಯ ಬ್ಲೂಸ್ ಹಾಡುಗಳು. ಅಂದರೆ ನಾವು 18 ವರ್ಷ ಕಾದಿದ್ದೇವೆ. ಇಷ್ಟು ಕಾದವರು ಸುಮ್ನೆ ಒಂದು ಹಾಡು ಕೇಳಿ ತೀರ್ಪು ಕೊಡಬಾರದು ಅನ್ನೋದು ನನ್ನ ಮಾತು. ನನ್ನ ಗೆಳೆಯ ಮಾಡಿದ್ದು ಅದನ್ನೇ. 2003ರ ಏಪ್ರಿಲ್ 4ರಂದು ಸ್ಟೋನ್ಸ್ ನಮ್ಮ ಅರಮನೆ ಮೈದಾನಕ್ಕೆ ಬಂದಾಗ ನನ್ನ ಪಕ್ಕ ನಿಂತಿದ್ದವನು ಅವನು. ಆಲ್ಬಂನ ಮೊದಲ ಹಾಡು ‘ಆಂಗ್ರಿ’ಯ ವಿಡಿಯೋ ನೋಡಿ ಆಫ್ ಮಾಡಿದ. ‘ಚಾರ್ಲಿ ಹೋದ ಮೇಲೆ ಎಲ್ಲಿಯ ಸ್ಟೋನ್ಸು? ಇದು ಆ ಹುಡುಗ ಪ್ರೊಡ್ಯೂಸರ್ ಮಾಡಿದ ಆಲ್ಬಂ’ ಎಂದ. ನಿಮ್ಮ ಸುದ್ದಿ ಓದಿದ ಮೇಲಂತೂ ಪೇಪರ್ ಮಡಚಿ ನನ್ನ ಟೇಬಲ್ ಮೇಲಿಟ್ಟು ‘ನೋಡು, ಬರೆದೇಬಿಟ್ಟಿದ್ದಾರೆ’ ಎಂದ.

ಪ್ರೊಡ್ಯೂಸರ್ ಆಂಡ್ರ್ಯೂ ವಾಟ್ ಬಗ್ಗೆ ಅವನು ಹೇಳುವುದರಲ್ಲಿ ಸ್ವಲ್ಪ ಸತ್ಯ ಇದೆ, ಒಪ್ಪುತ್ತೇನೆ. ಹೊಸ ಕಾರುಗಳಲ್ಲಿ ಗ್ಲಾಸನ್ನು ಗಮ್ ಹಾಕಿ ಕಾರಿನ ಮೈಗೆ ಅಂಟಿಸಿಬಿಡುತ್ತಾರೆ. ಕೂದಲೆಳೆಯಷ್ಟೂ ಅಲುಗಾಡುವುದಿಲ್ಲ. ಹಳೆಯ ಫಿಯೆಟ್‌ಗೆ, ಅಂಬಾಸಿಡರ್‌ಗೆ ಹಾಗಲ್ಲ. ಸುತ್ತ ರಬ್ಬರ್ ಬೀಡಿಂಗ್ ಹಾಕಿ, ಅದರ ಸಂದಿಯಲ್ಲಿ ದಾರ ಸುತ್ತಿ, ಒಳಗಿನಿಂದ ಒಬ್ಬ ದಾರ ಎಳೆಯುತ್ತ ಹೊರಗಿನಿಂದ ಇನ್ನೊಬ್ಬ ತಟ್ಟುತ್ತ ಕೂರಿಸುತ್ತಿದ್ದೆವು. ಗ್ಲಾಸ್ ಗಟ್ಟಿಯಾಗೇ ಕೂರುತ್ತಿತ್ತು, ಆದರೆ ರಬ್ಬರಿನಲ್ಲಿ ಸ್ವಲ್ಪ ಉಸಿರಾಡುತ್ತಿತ್ತು. ಸ್ಟೋನ್ಸ್ ಹಾಡು ಯಾವತ್ತೂ ರಬ್ಬರಿನಲ್ಲಿ ಕೂತ ಗ್ಲಾಸ್. ಕೀತ್ ಗಿಟಾರ್ ಒಂಚೂರು ಮುಂದೆ ಹೋಗುತ್ತೆ, ಡ್ರಮ್ಸ್ ಒಂಚೂರು ಹಿಂದೆ ಉಳಿಯುತ್ತೆ, ನಡುವೆ ಗಾಳಿ ಆಡುತ್ತೆ. ‘ಆಂಗ್ರಿ’ಯಲ್ಲಿ, ಐದನೇ ಹಾಡು ‘ಹೋಲ್ ವೈಡ್ ವರ್ಲ್ಡ್’ನಲ್ಲಿ ಆ ಗಾಳಿ ಕಡಿಮೆ. ಎಲ್ಲ ಅಂಟಿಸಿದ ಹಾಗಿದೆ. ನನಗೂ ಅದು ನೋವೇ. ಆದರೆ ಅದು ಸ್ಟೀವ್ ಜೋರ್ಡನ್ ತಪ್ಪಲ್ಲ. ಡ್ರಮ್ಸ್ ಇರುವ ಉಳಿದ ಹಾಡುಗಳಿಗೆ ಬಾರಿಸಿದವರು ಅವರು. ತನಗೆ ಹುಷಾರಿಲ್ಲದಾಗ ಟೂರ್‌ಗೆ ಅವರನ್ನು ಕರೆದುಕೊಂಡು ಹೋಗಿ ಎಂದು ಸ್ವತಃ ಚಾರ್ಲಿಯೇ ಹೇಳಿದ್ದರು. ಅಭಿಮಾನಿಗಳು ಇದನ್ನು ಮರೆಯಬಾರದು.

ಈಗ ಏಳನೇ ಹಾಡು, ‘ಮೆಸ್ ಇಟ್ ಅಪ್’. ಚಾರ್ಲಿ ಬಾರಿಸುವಾಗ ಒಂದು ವಿಶೇಷ ಇದೆ. 2003ರಲ್ಲಿ ನಾನು ತುಂಬ ಹಿಂದೆ ನಿಂತಿದ್ದೆ. ಪರದೆಯ ಮೇಲೆ ಅವರ ಕೈ ಕಂಡಾಗಲೆಲ್ಲ ಕಣ್ಣು ಅಲ್ಲೇ. ಬಲಗೈ ಹೈ-ಹ್ಯಾಟ್ ಮೇಲೆ, ಅಂದರೆ ಜೋಡಿ ತಾಳದ ತಟ್ಟೆಗಳ ಮೇಲೆ, ಓಡುತ್ತಿರುತ್ತೆ. ಎಡಗೈ ಸ್ನೇರ್ ಅನ್ನೋ ಮುಂದಿನ ಚಿಕ್ಕ ಡ್ರಮ್ ಮೇಲೆ ಬೀಳುವ ಹೊತ್ತಿಗೆ ಬಲಗೈ ಸುಮ್ಮನೆ ಮೇಲೆದ್ದುಬಿಡುತ್ತೆ. ಬೇರೆ ಡ್ರಮ್ಮರ್‌ಗಳು ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೆ ಹೊಡೆಯುತ್ತಾರೆ. ಇವರು ಒಂದನ್ನು ಬಿಡುತ್ತಾರೆ. ಅದಕ್ಕೇ ಆ ಸ್ನೇರ್ ಏಟು ಒಂಟಿಯಾಗಿ, ಶುದ್ಧವಾಗಿ ಕೇಳುತ್ತೆ. ತಬಲಾದವರ ಖಾಲಿ ಬೇರೆ ಲೆಕ್ಕ, ಆದರೆ ಬಾರಿಸದೆ ಬಿಟ್ಟ ಜಾಗವೂ ತಾಳವೇ ಅನ್ನೋದು ನಮ್ಮವರಿಗೆ ಹೊಸದಲ್ಲ. ತುಂಬ ಚಿಕ್ಕ ಡ್ರಮ್ ಸೆಟ್ಟು. ಬೆನ್ನು ನೆಟ್ಟಗೆ. ಮುಖದಲ್ಲಿ ಆಫೀಸಿನಲ್ಲಿ ಕೂತವರ ಗಾಂಭೀರ್ಯ. ಅವತ್ತು ಮೈದಾನವೆಲ್ಲ ಕುಣಿಯುತ್ತಿತ್ತು. ಅವರೊಬ್ಬರೇ ಹಾಗೆ ಕೂತಿದ್ದರು, ಇಡೀ ಮೈದಾನವನ್ನು ಕುಣಿಸುತ್ತ.

ಎಂಟನೆಯದು ‘ಲಿವ್ ಬೈ ದ ಸೋರ್ಡ್’. ಪಿಯಾನೋ ಎಲ್ಟನ್ ಜಾನ್. ಅದಕ್ಕಿಂತ ದೊಡ್ಡದು, ಬೇಸ್ ಗಿಟಾರ್ ಬಿಲ್ ವೈಮನ್. 1993ರಲ್ಲಿ ತಂಡ ಬಿಟ್ಟವರು ಈ ಒಂದು ಹಾಡಿಗಾಗಿ ವಾಪಸ್ ಬಂದರು. 60ರ ದಶಕದಿಂದ ತಂಡದ ಅಡಿಪಾಯ ಅಂದರೆ ಈ ಇಬ್ಬರು, ಡ್ರಮ್ಸ್‌ಗೆ ಚಾರ್ಲಿ, ಬೇಸ್‌ಗೆ ಬಿಲ್. ಬಿಲ್ ಬಾರಿಸಿದ ಹೊತ್ತಿಗೆ ಚಾರ್ಲಿ ಇರಲಿಲ್ಲ. 2019ರ ಡ್ರಮ್ಸ್ ಮಾತ್ರ ಇತ್ತು. ತೀರಿಕೊಂಡ ಗೆಳೆಯನ ತಾಳಕ್ಕೆ ಬೆರಳು ಸೇರಿಸಿ ಅವರು ನುಡಿಸಿದರು. ಈ ವಿಜಯದಶಮಿಯ ದಿನ, ಅಕ್ಟೋಬರ್ 24ಕ್ಕೆ, ಬಿಲ್ ವೈಮನ್‌ಗೆ 87 ತುಂಬಿತು. ಆ ಹಾಡು ಕೇಳುವಾಗ ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗಿಟ್ಟು ಹೊರಗೆ ಹೋಗಿ ನಿಂತುಕೊಂಡೆ. ಹುಡುಗರು ಏನಾಯ್ತು ಅಂದರು. ಏನು ಹೇಳಬೇಕು ತಿಳಿಯಲಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಕೀತ್ ಹಾಡಿದ ‘ಟೆಲ್ ಮಿ ಸ್ಟ್ರೇಟ್’ ನನಗೆ ತುಂಬ ಹಿಡಿಸಿತು. ‘ಸ್ವೀಟ್ ಸೌಂಡ್ಸ್ ಆಫ್ ಹೆವನ್’ ಏಳು ನಿಮಿಷಕ್ಕೂ ಜಾಸ್ತಿ, ಲೇಡಿ ಗಾಗಾ ಮಿಕ್ ಜೊತೆ ಹಾಡಿದ್ದಾರೆ, ಸ್ಟೀವಿ ವಂಡರ್ ಕೀಬೋರ್ಡ್ ನುಡಿಸಿದ್ದಾರೆ. ಅಣ್ಣನ ಮಗಳು ಆಲ್ಬಂ ಕೇಳಿದ್ದೇ ಲೇಡಿ ಗಾಗಾ ಅವರಿಗೋಸ್ಕರ. ಈಗ ಅವಳ ಫೋನಿನಲ್ಲಿ ‘ಸಮ್ ಗರ್ಲ್ಸ್’ ಇದೆ.

ಮಂಗಳವಾರದ ಪತ್ರಗಳಲ್ಲಿ ಒಬ್ಬ ಓದುಗರು ‘ಎಂಬತ್ತಾದರೂ ಇವರಿಗೆ ಇದೆಲ್ಲ ಯಾಕೆ ಬೇಕು’ ಎಂದು ಕೇಳಿದ್ದಾರೆ. ಮಿಕ್‌ಗೆ ಜುಲೈನಲ್ಲಿ 80 ಆಯಿತು, ಕೀತ್‌ಗೆ ಡಿಸೆಂಬರ್ 18ಕ್ಕೆ ಆಗುತ್ತೆ. ಗಂಗೂಬಾಯಿ ಹಾನಗಲ್ 2006ರಲ್ಲಿ ಹಾಡಿದಾಗ ಅವರಿಗೆ 93. ಅವರನ್ನು ನಾವು ಯಾರೂ ಹಾಗೆ ಕೇಳಲಿಲ್ಲ. ರಾಕ್ ಅಂದರೆ ಹುಡುಗರ ಸಂಗೀತ ಎಂದು ಆ ಓದುಗರು ಅಂದುಕೊಂಡಿರಬಹುದು. ಅವರಿಗೆ ನಾನು ಹೇಳುವುದು ಇಷ್ಟೇ, ಹನ್ನೆರಡನೇ ಹಾಡು ಕೇಳಿ. 1961ರಲ್ಲಿ ಡಾರ್ಟ್‌ಫರ್ಡ್ ರೈಲ್ವೆ ಸ್ಟೇಷನ್ನಿನಲ್ಲಿ ಮಿಕ್ ಕಂಕುಳಲ್ಲಿ ಅಮೆರಿಕದ ಹಾಡುಗಾರರಾದ ಚಕ್ ಬೆರಿ, ಮಡ್ಡಿ ವಾಟರ್ಸ್ ಅವರ ರೆಕಾರ್ಡುಗಳು ಇದ್ದವು. ಅದನ್ನು ನೋಡಿ ಪ್ರೈಮರಿ ಸ್ಕೂಲಿನ ಗೆಳೆಯ ಕೀತ್ ಮಾತಾಡಿಸಿದ. ತಂಡಕ್ಕೆ ಹೆಸರು ಸಿಕ್ಕಿದ್ದು ಮಡ್ಡಿ ವಾಟರ್ಸ್ ಅವರ 1950ರ ಒಂದು ಬ್ಲೂಸ್ ಹಾಡಿನಿಂದ. ಈ ಆಲ್ಬಂನ ಕೊನೆಗೆ ಅದೇ ಹಾಡನ್ನು ಇಬ್ಬರೇ ಕೂತು ನುಡಿಸಿದ್ದಾರೆ. ಒಂದು ಗಿಟಾರ್, ಒಂದು ಮೌತ್ ಆರ್ಗನ್, ಒಂದು ಕಂಠ. ಹುಡುಗರಾಗಿದ್ದಾಗ ಹಿರಿಯರಿಂದ ಕಲಿತ ಹಾಡು ಅದು. ಈಗ ಅವರೇ ಹಿರಿಯರಾಗಿ ಹಾಡುತ್ತಿದ್ದಾರೆ. ಪ್ರೊಡ್ಯೂಸರ್‌ನ ಗಮ್ ಇಲ್ಲಿ ಒಂದು ಹನಿಯೂ ಇಲ್ಲ.

ಆಯುಧಪೂಜೆಯ ಸಂಜೆ ಗೆಳೆಯ ಅಂಗಡಿಗೆ ಬಂದಿದ್ದ. ಕುಂಬಳಕಾಯಿ ಒಡೆದು, ಎಲ್ಲರಿಗೂ ಕಡ್ಲೆಪುರಿ ಹಂಚಿದ ಮೇಲೆ ಅವನನ್ನು ಕೂರಿಸಿ ಏಳು, ಎಂಟು ಎರಡೂ ಹಾಕಿದೆ. ಸ್ವಲ್ಪ ಹೊತ್ತಿಗೆ ಅವನ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು, ಸ್ನೇರ್ ಬೀಳುವಾಗ ಮೇಲೇಳುತ್ತಿತ್ತು. ಆದರೂ ಒಪ್ಪಲಿಲ್ಲ. ‘ಎರಡು ಹಾಡು ಚಾರ್ಲಿದು, ಹತ್ತು ಹಾಡು ಯಾರದು?’ ಎಂದು ಕೇಳಿ ಹೋದ. ಹೋದ ಭಾನುವಾರ ನಿಮ್ಮ ಪೇಪರ್ ಓದಿದ ಮೇಲೆ ಆ ಎರಡನ್ನೂ ಲೆಕ್ಕದಿಂದ ತೆಗೆದಿದ್ದಾನೆ. ‘ಪೇಪರಿನಲ್ಲೇ ಬಂದಿದೆಯಲ್ಲ’ ಅನ್ನುತ್ತಾನೆ.

ಅದಕ್ಕೆ ಎರಡು ಕೋರಿಕೆ. ಹೊಸ ಆಲ್ಬಂ ಬಗ್ಗೆ ಬರೆಯುವಾಗ ಹಾಡಿದವರ ವಯಸ್ಸು, ವಿಡಿಯೋದಲ್ಲಿ ಬಂದ ನಟಿಯ ಹೆಸರು ಇಷ್ಟಕ್ಕೇ ನಿಲ್ಲಿಸಬೇಡಿ. ಯಾವ ಹಾಡಿಗೆ ಯಾರು ಬಾರಿಸಿದರು ಎಂದು ಒಂದು ಸಾಲಾದರೂ ಹಾಕಿ. ನಮ್ಮಂಥವರು ಮೊದಲು ಹುಡುಕುವುದು ಅದನ್ನೇ. ಇನ್ನೊಂದು, ಈ ಭಾನುವಾರ ಒಂದು ಸಣ್ಣ ತಿದ್ದುಪಡಿ ಪ್ರಕಟಿಸಿ. ‘ಮೆಸ್ ಇಟ್ ಅಪ್’ ಮತ್ತು ‘ಲಿವ್ ಬೈ ದ ಸೋರ್ಡ್’ ಹಾಡುಗಳಲ್ಲಿ ಡ್ರಮ್ಸ್ ಚಾರ್ಲಿ ವಾಟ್ಸ್ ಎಂದು. ಜಾಗ ಇದ್ದರೆ ಬಿಲ್ ವೈಮನ್ ಹೆಸರನ್ನೂ ಸೇರಿಸಿ.

ಇಂತಿ,
ನಿಮ್ಮ ಓದುಗ
ಜೆ.ಸಿ. ರಸ್ತೆ, ಬೆಂಗಳೂರು