ಫೋಟೊದಲ್ಲಿ ಇದ್ದವಳು ನನ್ನ ಮಗಳಲ್ಲ

ಮಾನ್ಯ ಸಂಪಾದಕರೇ,

ಈ ವರ್ಷ ಒಂಬತ್ತನೇ ತರಗತಿಗೆ ಹೆಸರು ಹಚ್ಚಲು ಮಗಳ ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆಸಿದೆ. ಕೈಗೆ ಬಂದಾಗ ಮುಖ ಹಾಲಿನ ಹಾಗೆ ಬೆಳ್ಳಗಿತ್ತು, ಗದ್ದದ ಮಚ್ಚೆಯೂ ಇರಲಿಲ್ಲ. ನಾವು ಕೇಳಿರಲಿಲ್ಲ, ಸ್ಟುಡಿಯೊದವರು ತಾವೇ ಹಾಗೆ ಮಾಡಿದ್ದರು. 'ಅವ್ವಾ, ಇದು ನಾನಾ?' ಎಂದು ನಕ್ಕಳು. ಆಮೇಲೆ ಮೆಲ್ಲಗೆ, 'ಹಿಂಗ ಇದ್ದಿದ್ರ ಚಲೋ ಆಗ್ತಿತ್ತಲ್ಲ' ಅಂದಳು. ನನಗೆ ಮಾತೇ ಬರಲಿಲ್ಲ.

ಸ್ಟುಡಿಯೊದವರನ್ನಷ್ಟೇ ಬೈದು ಏನು ಮಾಡುವುದು? ಬಿಸಿಲಲ್ಲಿ ಆಡಬ್ಯಾಡ, ಕರ್ರಗಾಗ್ತಿ ಎಂದು ಅವಳ ಆಯಿ ದಿನಾ ಹೇಳುತ್ತಾರೆ, ಮನೆಗೆ ಬಂದ ನೆಂಟರು 'ಹುಡುಗಿ ಲಕ್ಷಣ ಅದಾಳ, ಬಣ್ಣ ಒಂದು ಕಡಿಮಿ' ಎಂದು ಅವಳ ಎದುರಿಗೇ ಅನ್ನುತ್ತಾರೆ, ನಾನೂ ಎಷ್ಟೋ ಸಲ ಚಹಾ ಕೊಟ್ಟು ಸುಮ್ನೆ ಒಳಗೆ ಹೋಗಿದ್ದೇನೆ. ಅದು ನನ್ನ ತಪ್ಪು. ಬಾಗಲಕೋಟೆಯ ಬಿಸಿಲಿನಿಂದ ನಮ್ಮ ಚರ್ಮವನ್ನು ಕಾಯುವುದು ಚರ್ಮದಲ್ಲೇ ಇರುವ ಮೆಲನಿನ್ ಎಂಬ ವಸ್ತು. ನಾವು ಹಳಿಯುವ ಆ ಕಪ್ಪು ಅದರದ್ದೇ ಬಣ್ಣ. ಇದನ್ನು ಮಗಳ ಪಕ್ಕ ಕೂತು ಹೇಳಿದ್ದು ಈಗ, ಆ ಫೋಟೊ ಬಂದ ಮೇಲೆ.

ನಮ್ಮ ಓಣಿಯ ಹುಡುಗಿಯೊಬ್ಬಳು ಅಕ್ಕನ ಮದುವೆಗೆ ಬೆಳ್ಳಗಾಗಬೇಕೆಂದು ಔಷಧಿ ಅಂಗಡಿಯಿಂದ ಕ್ರೀಮ್ ತಂದು ಹಚ್ಚಿದಳು. ಮೊದಮೊದಲು ಮುಖ ತಿಳಿಯಾಯಿತು. ಹಚ್ಚುವುದು ಬಿಟ್ಟ ಮೇಲೆ ಕೆಂಪಗಾಗಿ ಉರಿ, ತುಂಬಾ ಮೊಡವೆ. ಅದರಲ್ಲಿ ಸ್ಟಿರಾಯ್ಡ್ ಎಂಬ ಜೋರು ಔಷಧಿ ಇದೆ ಎಂದು ಚರ್ಮದ ಡಾಕ್ಟರ್ ಹೇಳಿದಾಗಲೇ ಗೊತ್ತಾಗಿದ್ದು. ಇಂಥ 14 ಕ್ರೀಮ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ತಂದಿದೆ. ತಾಯಂದಿರೇ, ಮಗಳ ಕೈಯಲ್ಲಿರುವ ಟ್ಯೂಬ್ ಒಮ್ಮೆ ತಿರುಗಿಸಿ ನೋಡಿ. ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಸ್ಟಿರಾಯ್ಡ್ ಹೆಸರು ಬರೆದಿದ್ದರೆ ಅದು ಔಷಧಿ, ಸೌಂದರ್ಯದ ಕ್ರೀಮ್ ಅಲ್ಲ. ದಿನಾ ಹಚ್ಚುತ್ತಿದ್ದರೆ ಡಾಕ್ಟರನ್ನು ಕೇಳಿ ನಿಲ್ಲಿಸಿ.

1975ರಲ್ಲಿ ಮಾರಾಟಕ್ಕೆ ಬಂದ ಫೇರ್ ಆ್ಯಂಡ್ ಲವ್ಲಿ ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆಯಿತು. ವಧು-ವರರ ಜಾಹೀರಾತುಗಳಲ್ಲಿ ಮಾತ್ರ 'ಬೆಳ್ಳಗಿನ ಕನ್ಯೆ ಬೇಕು' ಇನ್ನೂ ಹಾಗೇ ಇದೆ. ಜಾಹೀರಾತು ತೆಗೆದುಕೊಳ್ಳುವಾಗಲೇ ಮೈಬಣ್ಣದ ಮಾತು ಬೇಡ ಎಂದು ಪತ್ರಿಕೆಯವರು ಹೇಳಬಹುದು, ಅಲ್ವಾ? ಓದು, ಕೆಲಸ, ಊರು ಬರೆದರೆ ಸಾಕು. ನನ್ನ ಮಗಳು ಆ ಪುಟವನ್ನೂ ಓದುತ್ತಾಳೆ.

ಮರುದಿನ ಬೇರೆ ಸ್ಟುಡಿಯೊದಲ್ಲಿ ಮತ್ತೆ ಫೋಟೊ ತೆಗೆಸಿ, ಮಚ್ಚೆ ಇರುವುದನ್ನೇ ಶಾಲೆಗೆ ಕೊಟ್ಟೆವು.

— ಒಬ್ಬ ತಾಯಿ, ವಿದ್ಯಾಗಿರಿ, ಬಾಗಲಕೋಟೆ