ಹೆಸರು ಹೇಳದೆ ಹೋದ ಹಿರಿಯ ಮೇಷ್ಟ್ರಿಗೆ

ಸರ್, ವಸಾಹತುಶಾಹಿಯನ್ನು ಹೈಸ್ಕೂಲು ಮಕ್ಕಳಿಗೆ ಪ್ರಾಮಾಣಿಕವಾಗಿ ಹೇಗೆ ಪಾಠ ಮಾಡಲಿ ಎಂದು ಗ್ರಂಥಾಲಯದಲ್ಲಿ ತಲೆ ಕೆಡಿಸಿಕೊಂಡು ಕೂತಿದ್ದವಳ ಪಕ್ಕ ಬಂದು ಕೂತು, ಇಡೀ ಮಧ್ಯಾಹ್ನ ನನಗಾಗಿ ಕೊಟ್ಟಿರಿ. ಹೆಸರು ಕೇಳಿದರೆ ನಕ್ಕು ಹೊರಟುಬಿಟ್ಟಿರಿ. ಹಾಗಾಗಿ ಎಲ್ಲರೆದುರು ಧನ್ಯವಾದ ಹೇಳುತ್ತಿದ್ದೇನೆ.

1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡಿತು ಎಂಬ ಸಾಲಿಗೆ ಎಷ್ಟೋ ಪಾಠಗಳು ನಿಂತುಬಿಡುತ್ತವೆ. ಅದೇ ಕಾಯ್ದೆ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ದುಡಿದವರಿಗೆ ಬಿಡಿಗಾಸೂ ಸಿಗಲಿಲ್ಲ. ಅವರಲ್ಲಿ ಹೆಚ್ಚಿನವರು 1838ರವರೆಗೆ ಅದೇ ಮಾಲೀಕರ ತೋಟಗಳಲ್ಲಿ ಬಿಟ್ಟಿ ದುಡಿಯಬೇಕಾಯಿತು. ಇದನ್ನು ಮುಚ್ಚಿಡಬೇಡಿ ಎಂದಿರಿ. ಜೊತೆಗೇ, ಗುಲಾಮರು ಬೆಳೆದ ಸಕ್ಕರೆ ಬೇಡವೆಂದ ಬ್ರಿಟನ್ನಿನ ಮನೆಗಳನ್ನೂ, 1831ರ ಕೊನೆಗೆ ಬ್ರಿಟಿಷರ ವಸಾಹತು ಜಮೈಕಾದಲ್ಲಿ ದಂಗೆಯೆದ್ದ ಗುಲಾಮರನ್ನೂ ಬಿಡಬೇಡಿ ಎಂದಿರಿ. ನನ್ನ ಮಟ್ಟಿಗೆ ಸಮತೋಲನದ ಪಾಠವೆಂದರೆ ಇದೇ. ರೈಲು ಹಾಕಿದ್ದನ್ನು ಒಂದು ತಟ್ಟೆಗೆ, ಕ್ಷಾಮವನ್ನು ಇನ್ನೊಂದಕ್ಕೆ ಹಾಕಿ ತೂಗುವ ಪಾಠಗಳು ನನಗೆ ಎಂದೂ ಒಗ್ಗಿಲ್ಲ.

ನೀವು ಹೇಳಿದಂತೆಯೇ ಮಾಡಿದೆ. ತೀರ್ಪು ಕೊಡಲಿಲ್ಲ, ಈ ಸಂಗತಿಗಳನ್ನು ಬೋರ್ಡಿನ ಮೇಲೆ ಬರೆದು ಸುಮ್ಮನಾದೆ. "ಪರಿಹಾರ ಯಾರಿಗೆ ಸಿಗಬೇಕಿತ್ತು ಮಿಸ್?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಗಂಟೆ ಹೊಡೆದರೂ ಚರ್ಚೆ ನಿಲ್ಲಲಿಲ್ಲ.

1825ರಲ್ಲಿ ಫ್ರಾನ್ಸ್ ಯುದ್ಧನೌಕೆ ಕಳಿಸಿ ಗುಲಾಮರು ದಂಗೆಯೆದ್ದು ತನ್ನಿಂದ ಬಿಡಿಸಿಕೊಂಡಿದ್ದ ಹೈಟಿಯ ಮೇಲೆ ಹಳೆಯ ಮಾಲೀಕರ ಪರಿಹಾರವೆಂದು 15 ಕೋಟಿ ಫ್ರಾಂಕ್ ಹೊರೆ ಹೊರಿಸಿದ್ದು ಮುಂದಿನ ಪಾಠ. ನಿಮ್ಮ ಟಿಪ್ಪಣಿಗಳನ್ನು ಸಹೋದ್ಯೋಗಿಗಳಿಗೂ ಹಂಚಿದ್ದೇನೆ. ನಿಮಗೆ ನಾನು ಋಣಿ, ಸರ್.